ಗುರುಗಳ ಗುರು ಪೆಸ್ಟಲೋಜಿ

ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ಪೆಸ್ಟಲೋಜಿಯ ಹೆಸರು ಒಂದೆರಡು ಪುಟಗಳಲ್ಲಿ ಬಂದು ಹೋಗುತ್ತದೆ. ಉಪಾಧ್ಯಾಯರಾಗಲು ತರಬೇತಿ ಪಡೆಯುವವರು ಅದನ್ನು ಪರೀಕ್ಷೆಗೆಂದು ಕಲಿತು, ಪರೀಕ್ಷೆ ಮುಗಿಯುತ್ತಲೇ ಮರೆಯುತ್ತಾರೆ. ವಸ್ತುವಿನಿಂದ ಪದಕ್ಕೆ, ಸುಲಭದಿಂದ ಕಠಿನಕ್ಕೆ, ಹತ್ತಿರದಿಂದ ದೂರಕ್ಕೆ ಎಂಬ ಸೂತ್ರಗಳೇನೋ ನೆನಪಿನಲ್ಲಿ ಉಳಿಯುತ್ತವೆ. ಅವುಗಳಿಗಾಗಿ ಸವೆದ ಬಾಳು ಮರೆಯಾಗುತ್ತದೆ. ಆ ಬಾಳನ್ನು ಸಂಗ್ರಹವಾಗಿ ನಿರೂಪಿಸುವುದು ನನ್ನ ಉದ್ದೇಶ. ನಮ್ಮ ತರಗತಿಗಳಿಗೆ ಬೇಕಾದ ಕೆಲವು ಉಪಾಯಗಳೂ ಒಂದು ಎಚ್ಚರಿಕೆಯೂ ಅದರಲ್ಲಿವೆ.

ಯೋಹಾನ್ ಹೈನ್ರಿಖ್ ಪೆಸ್ಟಲೋಜಿ ಹುಟ್ಟಿದುದು 1746ರ ಜನವರಿ 12ರಂದು, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ. ಐದನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಆತನನ್ನು ತಾಯಿಯೂ ಬಾಬೆಲಿ ಎಂಬ ನಿಷ್ಠಾವಂತ ಸೇವಕಿಯೂ ಸೇರಿ ಸಾಕಿದರು. ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದ ಅಜ್ಜನ ಮನೆಗೆ ಹೋದಾಗಲೆಲ್ಲ ಬಡವರ ಮಕ್ಕಳ ಪಾಡು ಕಣ್ಣಿಗೆ ಬೀಳುತ್ತಿತ್ತು. ರೂಸೋನ ವಿಚಾರಗಳು ತರುಣನ ಮನಸ್ಸನ್ನು ಸೆಳೆದುವು. 1769ರಲ್ಲಿ ಆನಾ ಶುಲ್ಟೆಸ್ ಎಂಬಾಕೆಯನ್ನು ಮದುವೆಯಾಗಿ, ಬಿರ್ ಎಂಬ ಹಳ್ಳಿಯ ಬಳಿ ನೆಲವನ್ನು ಕೊಂಡು ಬೇಸಾಯಕ್ಕೆ ತೊಡಗಿದ. ಅದು ಕೈಹತ್ತಲಿಲ್ಲ. 1774ರ ಹೊತ್ತಿಗೆ ನೊಯ್‌ಹೋಫ್ ಎಂಬ ಅದೇ ಮನೆಗೆ ಬಡಮಕ್ಕಳನ್ನು ಸೇರಿಸಿಕೊಂಡು, ನೂಲುವ ನೇಯುವ ಕೆಲಸದ ನಡುವೆಯೇ ಓದನ್ನೂ ಲೆಕ್ಕವನ್ನೂ ಕಲಿಸಿದ. 1780ರ ವೇಳೆಗೆ ಅದೂ ಮುಚ್ಚಿತು. ಹೆಂಡತಿಯ ಹಣವೂ ಬಹುಮಟ್ಟಿಗೆ ಕರಗಿತ್ತು. 1781ರಲ್ಲಿ ಹೊರಬಂದ 'ಲೀನ್‌ಹಾರ್ಡ್ ಮತ್ತು ಗೆರ್ಟ್ರೂಡ್' ಕಾದಂಬರಿ ಕೀರ್ತಿಯನ್ನು ತಂದಿತು. ಆದರೆ ಮಕ್ಕಳ ನಡುವೆ ಮತ್ತೆ ನಿಲ್ಲುವ ಭಾಗ್ಯಕ್ಕಾಗಿ ಆತ ಇನ್ನೂ ಸುಮಾರು ಹದಿನೆಂಟು ವರ್ಷ ಕಾಯಬೇಕಾಯಿತು.

1798ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಸೈನ್ಯ ಸ್ಟಾನ್ಸ್ ಎಂಬ ಊರನ್ನು ಸುಟ್ಟಿತು. ಅನೇಕ ಮಕ್ಕಳು ತಬ್ಬಲಿಗಳಾದರು. ಅವರ ಪೋಷಣೆಗೆಂದು ಸರ್ಕಾರ ಪೆಸ್ಟಲೋಜಿಯನ್ನು ಕಳುಹಿಸಿತು. 1799ರ ಜನವರಿಯಲ್ಲಿ ಅಲ್ಲಿನ ಸನ್ಯಾಸಿನಿಯರ ಮಠದ ಕಟ್ಟಡದಲ್ಲಿ ಶಾಲೆ ತೆರೆಯಿತು. ಕೆಲವೇ ವಾರಗಳಲ್ಲಿ ಮಕ್ಕಳ ಸಂಖ್ಯೆ ಸುಮಾರು 80ಕ್ಕೆ ಏರಿತು. ಕಜ್ಜಿ ಹಿಡಿದವರು, ಭಿಕ್ಷೆ ಬೇಡಿ ಬೆಳೆದವರು, ಬೆದರಿದವರು, ಅಕ್ಷರದ ಗಂಧವಿಲ್ಲದವರು. ಕಲಿಸಲು ಇದ್ದವನು ಆತನೊಬ್ಬನೇ. ಜೊತೆಗೆ ಮನೆಗೆಲಸದ ಒಬ್ಬ ಹೆಂಗಸು. ಪುಸ್ತಕಗಳಿಲ್ಲ, ಉಪಕರಣಗಳಿಲ್ಲ. ಊರಿನವರು ಕ್ಯಾಥೊಲಿಕರು, ಆತ ಪ್ರಾಟೆಸ್ಟೆಂಟನು; ಆದುದರಿಂದ ನಂಬಿಕೆಯೂ ಇಲ್ಲ.

ಈ ಇಲ್ಲಗಳ ನಡುವೆಯೇ ಆತನ ಉಪಾಯಗಳು ಹುಟ್ಟಿದುವು. ಎಲ್ಲರೂ ಒಂದೇ ದನಿಯಲ್ಲಿ ಹೇಳುತ್ತಿರುವಾಗ ಕೈಗಳು ಹಲಗೆಯ ಮೇಲೆ ಗೆರೆಯನ್ನೋ ಅಕ್ಷರವನ್ನೋ ಬರೆಯುತ್ತಿದ್ದುವು. ಒಂದು ಪಾಠ ಪೂರ್ಣವಾಗಿ ಕೈವಶವಾಗುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಸ್ವಲ್ಪ ಮುಂದುವರಿದ ಮಗು ಹಿಂದುಳಿದ ಇಬ್ಬರ ನಡುವೆ ಕುಳಿತು, ಅವರ ಹೆಗಲ ಮೇಲೆ ತೋಳಿಟ್ಟು, ತಾನು ಬಲ್ಲುದನ್ನು ಹೇಳಿಕೊಡುತ್ತಿತ್ತು. ನೀತಿಯ ಉಪನ್ಯಾಸಗಳಿಗೆ ಆತ ಕೈಹಾಕಲಿಲ್ಲ. ನೆರೆಯ ಆಲ್ಟ್‌ಡೋರ್ಫ್ ಪಟ್ಟಣ ಬೆಂಕಿಗೆ ಸಿಕ್ಕಾಗ, ಅಲ್ಲಿನ ಇಪ್ಪತ್ತು ಮಕ್ಕಳನ್ನು ಸೇರಿಸಿಕೊಳ್ಳೋಣವೆ ಎಂದು ತನ್ನ ಮಕ್ಕಳನ್ನೇ ಕೇಳಿದ. ಆಗ ಊಟ ಕಡಿಮೆಯಾಗುವುದು, ದುಡಿಮೆ ಹೆಚ್ಚುವುದು ಎಂಬುದನ್ನೂ ಮುಚ್ಚಿಡದೆ ತಿಳಿಸಿದ. ನಿನ್ನೆಮೊನ್ನೆಯವರೆಗೆ ಒಂದು ತುಂಡು ರೊಟ್ಟಿಗೆ ಬೇಡುತ್ತಿದ್ದ ಆ ಮಕ್ಕಳು ಒಪ್ಪಿದರು. ನೀತಿಪಾಠಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ನಾನು ಕಾಣೆ. ಜೂನ್ ತಿಂಗಳಲ್ಲಿ ಆ ಕಟ್ಟಡ ಫ್ರೆಂಚ್ ಸೈನಿಕರ ಆಸ್ಪತ್ರೆಗೆ ಬೇಕಾಯಿತು, ಶಾಲೆ ಚದುರಿತು. ಆಗ ಆತನಿಗೆ ಐವತ್ತಮೂರು ವರ್ಷ.

ಅದೇ ವರ್ಷ ಬುರ್ಗ್‌ಡೋರ್ಫಿನಲ್ಲಿ ಚಮ್ಮಾರ ವೃತ್ತಿಯ ಉಪಾಧ್ಯಾಯನೊಬ್ಬನ ಶಾಲೆಯಲ್ಲಿ ಪಾಠ ಹೇಳಲು ಅನುಮತಿ ದೊರೆಯಿತು. ಹೊಸ ಪ್ರಯೋಗಗಳನ್ನು ತಾಯಿತಂದೆಗಳು ವಿರೋಧಿಸಿದ್ದರಿಂದ, ಎಳೆಯ ಮಕ್ಕಳ ಇನ್ನೊಂದು ಶಾಲೆಗೆ ಹೋಗಬೇಕಾಯಿತು. ಶಾಲೆಯ ಗೋಡೆಗೆ ಅಂಟಿಸಿದ್ದ ಕಾಗದ ಹಳೆಯದಾಗಿ ಹರಿದಿತ್ತು. ಅದರ ತೂತುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಕಂಡುದನ್ನು ಹೇಳಿಸಿದ: ತೂತು ಇದೆ, ಉದ್ದವಾದ ತೂತು ಇದೆ, ತೂತಿನ ಹಿಂದೆ ಗೋಡೆ ಇದೆ. ಹೀಗೆ ಒಂದೊಂದೇ ಪದ ಕೂಡುತ್ತ ವಾಕ್ಯ ಬೆಳೆಯುತ್ತಿತ್ತು. ಮುಂದೆ ಊರಿನ ಕೋಟೆಯಲ್ಲಿ ಸ್ವಂತ ಶಾಲೆಯಾಯಿತು. 1801ರಲ್ಲಿ ತನ್ನ ಪದ್ಧತಿಯನ್ನು ಪತ್ರಗಳ ರೂಪದಲ್ಲಿ ವಿವರಿಸುವ ಗ್ರಂಥವನ್ನು ಪ್ರಕಟಿಸಿದ. ಒಬ್ಬನೇ ಮಗ ಯಾಕೋಬ್ ತೀರಿಕೊಂಡುದೂ ಅದೇ ವರ್ಷ.

ಈ ತೂತಿನ ಪಾಠವನ್ನು ನಾನು ಹಳಗನ್ನಡದ ತರಗತಿಯಲ್ಲಿ ಮತ್ತೆ ಮತ್ತೆ ನೆನೆಯುತ್ತೇನೆ. ಏತ, ಕಪಿಲೆ, ಮೇಟಿ ಎಂಬ ಮಾತುಗಳು ಬಂದಾಗ ಪಟ್ಟಣದ ಹುಡುಗರು ಅರ್ಥವನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳುತ್ತಾರೆ. ಕಣದ ನಡುವೆ ಮೇಟಿಯನ್ನು ಕಂಡ ಹಳ್ಳಿಯ ಹುಡುಗನನ್ನು ಎಬ್ಬಿಸಿ ಕೇಳಿದರೆ, ವ್ಯಾಕರಣದ ಹೊತ್ತಿನಲ್ಲಿ ತಲೆ ತಗ್ಗಿಸಿ ಕೂಡುವವನು ಅಂದು ತರಗತಿಗೇ ಗುರುವಾಗುತ್ತಾನೆ. ಅವನು ಬೆಂಚಿನ ಮೇಲೆ ಪೆನ್ನೊಂದನ್ನು ನೆಟ್ಟು, ಎತ್ತುಗಳು ಸುತ್ತುವ ಬಗೆಯನ್ನು ಕೈಯಿಂದ ತೋರಿಸಿದ ಮೇಲೆ ಆ ಪದಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ.

ಇವೆರ್ಡಾನಿನಲ್ಲಿ 1805ರಿಂದ 1825ರವರೆಗೆ ನಡೆದ ಶಾಲೆ ಯೂರೋಪಿನ ವಿದ್ಯಾಕ್ಷೇತ್ರವಾಯಿತು. ಪ್ರಷ್ಯಾದ ಸರ್ಕಾರ ತರುಣ ಉಪಾಧ್ಯಾಯರನ್ನು ಕಳುಹಿಸಿತು. ಮುಂದೆ ಶಿಶುವಿಹಾರವನ್ನು ಕಲ್ಪಿಸಿದ ಫ್ರೋಬೆಲ್ 1808ರಿಂದ ಎರಡು ವರ್ಷ ಅಲ್ಲಿದ್ದ. ಎಚ್ಚರಿಕೆಯ ಮಾತು ಬರುವುದು ಇಲ್ಲಿಯೇ. ಕಣ್ಣಿನಿಂದ ಕಲಿಸಬೇಕೆಂದವನ ಪದ್ಧತಿಯೇ ಕ್ರಮೇಣ ಅಕ್ಷರಗಳ, ಸಂಖ್ಯೆಗಳ ಕೋಷ್ಟಕವಾಗಿ ಗಟ್ಟಿಯಾಯಿತು. ಮಕ್ಕಳು ಅದನ್ನು ಗಂಟೆಗಟ್ಟಲೆ ಒಪ್ಪಿಸಿದರು. ಸಹೋದ್ಯೋಗಿಗಳಾದ ನೀಡರರ್ ಮತ್ತು ಶ್ಮಿಡ್‌ರ ಜಗಳದಿಂದ ಶಾಲೆ ಒಡೆಯಿತು. 1815ರಲ್ಲಿ ಆನಾ ಕಣ್ಮುಚ್ಚಿದಳು. ಕೊನೆಗೆ ವೃದ್ಧನು ನೊಯ್‌ಹೋಫಿಗೆ ಮರಳಿ, 1827ರ ಫೆಬ್ರವರಿ 17ರಂದು ಬ್ರೂಗ್ ಪಟ್ಟಣದಲ್ಲಿ ತೀರಿಕೊಂಡನು.

ಆತನ ಕೈಬರಹ ಕೆಟ್ಟದ್ದು, ಕಾಗುಣಿತ ತಪ್ಪು. ಲೆಕ್ಕಪತ್ರ ನೋಡಿಕೊಳ್ಳುವ ಶಕ್ತಿ ಇರಲಿಲ್ಲ. ಇಂಥವನಿಂದ ಯೂರೋಪು ಪಾಠ ಕಲಿಯಿತೆಂಬುದನ್ನು ಯೋಚಿಸಿದಾಗ ನನಗೆ ಸ್ಟಾನ್ಸಿನ ಐದು ತಿಂಗಳೇ ಮುಖ್ಯವೆಂದು ತೋರುತ್ತದೆ. ಅಲ್ಲಿ ಎದುರಿಗಿದ್ದ ಮಗುವಿಗೆ ಏನು ಬೇಕೆಂದು ನೋಡಿ ಆತ ಪಾಠವನ್ನು ಕಟ್ಟಿದ. ಇವೆರ್ಡಾನಿನಲ್ಲಿ ಕಟ್ಟಿಟ್ಟ ಪಾಠಕ್ಕೆ ಮಗುವನ್ನು ಹೊಂದಿಸಲಾಯಿತು. ಪಾಠಯೋಜನೆಯನ್ನು ಬರೆದು ತರಗತಿಗೆ ಹೋಗುವ ನಾವೆಲ್ಲರೂ ಇವೆರಡರ ನಡುವೆ ಎಲ್ಲಿಯೋ ನಿಂತಿದ್ದೇವೆ. ಪೆಸ್ಟಲೋಜಿಯ ಸಮಾಧಿ ಇರುವುದು ಬಿರ್ ಹಳ್ಳಿಯಲ್ಲಿ, ಶಾಲೆಯ ಗೋಡೆಯ ಮಗ್ಗುಲಲ್ಲಿ.