ಎರಿಖ್ ಕೆಸ್ಟ್ನರ್

ಎರಿಖ್ ಕೆಸ್ಟ್ನರ್ (23 ಫೆಬ್ರವರಿ 1899 – 29 ಜುಲೈ 1974) ಜರ್ಮನಿಯ ಕವಿ, ಪತ್ರಕರ್ತ, ಕಾದಂಬರಿಕಾರ ಹಾಗೂ ಮಕ್ಕಳ ಸಾಹಿತಿ. 1929ರಲ್ಲಿ ಪ್ರಕಟವಾದ ಇವರ ‘ಎಮಿಲ್ ಮತ್ತು ಪತ್ತೇದಾರರು’ ಮಕ್ಕಳ ಪತ್ತೇದಾರಿ ಕಾದಂಬರಿಗಳಲ್ಲಿ ಹೊಸ ಹಾದಿ ತೆರೆದ ಕೃತಿ. ನಾಟ್ಸಿ ಆಡಳಿತವು ತಮ್ಮ ಪುಸ್ತಕಗಳನ್ನು ಸುಟ್ಟು, ಪ್ರಕಟಣೆಯನ್ನು ನಿಷೇಧಿಸಿದರೂ ಇವರು ದೇಶ ತೊರೆಯಲಿಲ್ಲ.

ಬಾಲ್ಯ ಮತ್ತು ಶಿಕ್ಷಣ

ಕೆಸ್ಟ್ನರ್ ಡ್ರೆಸ್ಡೆನ್ ನಗರದಲ್ಲಿ ಜನಿಸಿದರು. ತಂದೆ ಎಮಿಲ್ ಕುದುರೆಯ ಜೀನು ತಯಾರಿಸುವ ಕುಶಲಕರ್ಮಿ. ಸ್ವಂತ ಕಸುಬು ಕೈಹಿಡಿಯದೆ ಅವರು ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ತಾಯಿ ಇಡಾ ಮಗನ ಓದಿಗಾಗಿ ಮನೆಯಲ್ಲೇ ದುಡಿದು, ಮುಂದೆ ಕೇಶಾಲಂಕಾರ ಕಲಿತು ಸಂಪಾದಿಸಿದರು. ಮನೆಯ ಕೋಣೆಯೊಂದರಲ್ಲಿ ಶಾಲಾ ಶಿಕ್ಷಕರು ಬಾಡಿಗೆಗಿದ್ದರು. ಅವರನ್ನು ನೋಡಿ ಬೆಳೆದ ಬಾಲಕ 1913ರಲ್ಲಿ ಶಿಕ್ಷಕರ ತರಬೇತಿ ಶಾಲೆ ಸೇರಿದನು. 1917ರಲ್ಲಿ ಸೈನ್ಯಕ್ಕೆ ಕರೆ ಬಂದಿತು. ಅಲ್ಲಿನ ಕ್ರೂರ ಕವಾಯತಿನಿಂದ ಹೃದಯದ ಕಾಯಿಲೆ ಉಳಿದುಕೊಂಡಿತು. ಯುದ್ಧಾನಂತರ ಶಿಕ್ಷಕ ವೃತ್ತಿಯ ಆಸೆ ಬಿಟ್ಟ ಇವರು ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿ 1925ರಲ್ಲಿ ಡಾಕ್ಟರೇಟ್ ಪಡೆದರು. 1927ರಲ್ಲಿ ಬರ್ಲಿನ್‌ಗೆ ತೆರಳಿ ಪತ್ರಿಕೆಗಳಿಗೆ ಬರೆಯುತ್ತ ಹೆಸರು ಮಾಡಿದರು.

ಎಮಿಲ್ ಮತ್ತು ಪತ್ತೇದಾರರು

ಪ್ರಕಾಶಕಿ ಎಡಿತ್ ಯಾಕೊಬ್‌ಸೋನ್ ಅವರ ಸಲಹೆಯಂತೆ ಈ ಕಾದಂಬರಿ ರಚಿತವಾಯಿತು. ವಾಲ್ಟರ್ ಟ್ರಿಯರ್ ಚಿತ್ರಗಳನ್ನು ಬರೆದರು. ಕೇಶಾಲಂಕಾರ ಮಾಡಿ ಜೀವನ ನಡೆಸುವ ವಿಧವೆಯ ಮಗ ಎಮಿಲ್, ಅಜ್ಜಿಗೆ ತಲುಪಿಸಬೇಕಾದ ಹಣವೂ ಸೇರಿ 140 ಮಾರ್ಕ್‌ಗಳೊಂದಿಗೆ ರೈಲಿನಲ್ಲಿ ಬರ್ಲಿನ್‌ಗೆ ಹೊರಡುತ್ತಾನೆ. ನಿದ್ರೆಯಲ್ಲಿದ್ದಾಗ ಸಹಪ್ರಯಾಣಿಕನು ಹಣ ಕದಿಯುತ್ತಾನೆ. ನಗರದ ಹುಡುಗರು ಒಂದಾಗಿ ಕಳ್ಳನನ್ನು ಹಿಂಬಾಲಿಸುತ್ತಾರೆ. ಹಣವನ್ನು ಅಂಗಿಯ ಜೇಬಿಗೆ ಸಿಕ್ಕಿಸಿದ್ದ ಗುಂಡುಸೂಜಿಯ ತೂತುಗಳು ನೋಟುಗಳ ಮೇಲಿದ್ದುದೇ ಕೊನೆಗೆ ಸಾಕ್ಷ್ಯವಾಗುತ್ತದೆ.

ಇಲ್ಲಿ ಅಸಾಧಾರಣ ಬುದ್ಧಿಯ ಪತ್ತೇದಾರನಿಲ್ಲ. ಹುಡುಗರು ಕೆಲಸ ಹಂಚಿಕೊಳ್ಳುತ್ತಾರೆ. ದೀನ್‌ಸ್ಟಾಗ್ ಎಂಬ ಪುಟ್ಟ ಹುಡುಗನು ಕಳ್ಳನನ್ನು ನೋಡದೆಯೇ, ಮನೆಯಲ್ಲಿ ದೂರವಾಣಿಯ ಬಳಿ ಕುಳಿತು ಕರ್ತವ್ಯ ನಿರ್ವಹಿಸುತ್ತಾನೆ. ಕಥೆ ನಡೆಯುವುದು ಬರ್ಲಿನ್‌ನ ನಿಜವಾದ ಬೀದಿಗಳಲ್ಲಿ. 1931ರಲ್ಲಿ ಇದು ಚಲನಚಿತ್ರವಾಯಿತು. ಅದರಲ್ಲಿ ಎಮಿಲ್ ಪಾತ್ರ ವಹಿಸಿದ್ದ ರಾಲ್ಫ್ ವೆಂಕ್‌ಹೌಸ್ ಮತ್ತು ದೀನ್‌ಸ್ಟಾಗ್ ಆಗಿದ್ದ ಹಾನ್ಸ್ ಲ್ಯೋರ್ ಇಬ್ಬರೂ 1942ರಲ್ಲಿ ಯುದ್ಧದಲ್ಲಿ ಮಡಿದರು.

ನಾಟ್ಸಿ ಕಾಲ

1933ರ ಮೇ 10ರಂದು ಬರ್ಲಿನ್‌ನಲ್ಲಿ ತಮ್ಮ ಪುಸ್ತಕಗಳನ್ನು ಸುಡುವುದನ್ನು ಕೆಸ್ಟ್ನರ್ ಗುಂಪಿನ ನಡುವೆ ನಿಂತು ಕಂಡರು. ಜನಪ್ರಿಯವಾಗಿದ್ದ ‘ಎಮಿಲ್’ ಆಗ ಪಾರಾಯಿತಾದರೂ ಕೆಲವು ವರ್ಷಗಳಲ್ಲಿ ಅದಕ್ಕೂ ನಿಷೇಧ ತಗುಲಿತು. ಯಾಕೊಬ್‌ಸೋನ್ ಮತ್ತು ಟ್ರಿಯರ್ ದೇಶ ಬಿಡಬೇಕಾಯಿತು. ಕೆಸ್ಟ್ನರ್ ಮಾತ್ರ ವೃದ್ಧ ತಾಯಿಗಾಗಿಯೂ, ಆ ಕಾಲಕ್ಕೆ ಸಾಕ್ಷಿಯಾಗಿದ್ದು ಕಾದಂಬರಿ ಬರೆಯಬೇಕೆಂದೂ ಅಲ್ಲಿಯೇ ಉಳಿದರು. ಗೆಸ್ಟಾಪೊ ಇವರನ್ನು ಎರಡು ಬಾರಿ ಬಂಧಿಸಿತು. ಗುಪ್ತನಾಮದಲ್ಲಿ ಸರ್ಕಾರಿ ಚಿತ್ರಸಂಸ್ಥೆಗೆ ‘ಮ್ಯುನ್‌ಶೌಸೆನ್’ ಚಿತ್ರಕಥೆ ಬರೆದುದು ಮುಂದೆ ಟೀಕೆಗೆ ಗುರಿಯಾಯಿತು. ಈ ವರ್ಷಗಳಲ್ಲಿ ಶೀಘ್ರಲಿಪಿಯಲ್ಲಿ ಗುಟ್ಟಾಗಿ ದಿನಚರಿ ಬರೆದಿಟ್ಟರು. ಆದರೆ ಸಂಕಲ್ಪಿಸಿದ ಕಾದಂಬರಿಯನ್ನು ಕೊನೆಯವರೆಗೂ ಬರೆಯಲಾಗಲಿಲ್ಲ.

ನಂತರದ ಜೀವನ

ಯುದ್ಧಾನಂತರ ಮ್ಯೂನಿಕ್‌ನಲ್ಲಿ ನೆಲೆಸಿ ಪತ್ರಿಕೆಗಳಲ್ಲಿ ದುಡಿದರು. ಬೇರೆಯಾದ ಅವಳಿ ಸಹೋದರಿಯರು ತಂದೆತಾಯಿಯರನ್ನು ಒಂದುಗೂಡಿಸುವ 1949ರ ಕಾದಂಬರಿಯು ಹಾಲಿವುಡ್‌ನಲ್ಲಿ ‘ದಿ ಪೇರೆಂಟ್ ಟ್ರ್ಯಾಪ್’ (1961) ಆಯಿತು. ಅದೇ ಕಥೆ ತಮಿಳಿನ ‘ಕುಳಂದೈಯುಂ ದೈವಮುಂ’ (1965), ಹಿಂದಿಯ ‘ದೋ ಕಲಿಯಾಂ’ (1968) ಚಿತ್ರಗಳ ಮೂಲಕ ಭಾರತೀಯರಿಗೂ ಪರಿಚಿತವಾಯಿತು. ಕೆಸ್ಟ್ನರ್ ಅವರಿಗೆ 1957ರಲ್ಲಿ ಗೆಯೋರ್ಗ್ ಬ್ಯುಷ್ನರ್ ಪ್ರಶಸ್ತಿ, 1960ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ದೊರೆತವು. 1974ರಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು. ಬಾಲ್ಯದಲ್ಲಿ ಇವರು ಹೋಗಿಬರುತ್ತಿದ್ದ ಡ್ರೆಸ್ಡೆನ್‌ನ ಸೋದರಮಾವನ ಮನೆಯಲ್ಲಿ ಈಗ ಇವರ ಹೆಸರಿನ ವಸ್ತುಸಂಗ್ರಹಾಲಯವಿದೆ.