ಲೆವ್ ಲಾಂಡೌ: ಸೆರೆಮನೆಯಿಂದ ನೊಬೆಲ್‌ವರೆಗೆ

ಇಪ್ಪತ್ತನೆಯ ಶತಮಾನದ ಸೈದ್ಧಾಂತಿಕ ಭೌತವಿಜ್ಞಾನವನ್ನು ಶ್ರೀಮಂತಗೊಳಿಸಿದ ಮೇಧಾವಿಗಳಲ್ಲಿ ಲೆವ್ ಡೇವಿಡೋವಿಚ್ ಲಾಂಡೌ ಪ್ರಮುಖರು. ಇಂದಿನ ಅಜರ್‌ಬೈಜಾನ್‌ನ ಬಾಕು ನಗರದಲ್ಲಿ 1908ರ ಜನವರಿ 22ರಂದು ಜನಿಸಿದರು. ತಂದೆ ತೈಲೋದ್ಯಮದ ಎಂಜಿನಿಯರ್, ತಾಯಿ ವೈದ್ಯೆ. ಹದಿನಾಲ್ಕರ ಹರೆಯದಲ್ಲೇ ವಿಶ್ವವಿದ್ಯಾಲಯದ ಮೆಟ್ಟಿಲೇರಿದ ಈ ಬಾಲಪ್ರತಿಭೆ 1927ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಪದವಿ ಪೂರೈಸಿ, ಮುಂದೆ ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಬಳಿ ಅಧ್ಯಯನ ನಡೆಸಿದರು.

ಪರಮಾಣುಗಳು ನಿಧಾನಗತಿಯಲ್ಲಿ ಡಿಕ್ಕಿಯಾದಾಗ ಏನಾಗುತ್ತದೆ ಎಂಬುದಕ್ಕೆ ಲಾಂಡೌ 1932ರಲ್ಲಿ ಸೂತ್ರವೊಂದನ್ನು ರೂಪಿಸಿದರು. ಅದೇ ವರ್ಷ ಅಮೆರಿಕದ ಕ್ಲಾರೆನ್ಸ್ ಝೀನರ್ ಕೂಡ ಸ್ವತಂತ್ರವಾಗಿ ಇದೇ ಫಲಿತಾಂಶ ತಲುಪಿದ್ದರಿಂದ ಅದಕ್ಕೆ ಲಾಂಡೌ-ಝೀನರ್ ಸೂತ್ರವೆಂಬ ಹೆಸರು ನಿಂತಿತು.

ಹಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅಯಾನು ಪರಮಾಣುವಿನ ಸನಿಹಕ್ಕೆ ಬಂತೆನ್ನಿ. ಒಂದು ನಿರ್ದಿಷ್ಟ ಅಂತರದಲ್ಲಿ, ಎಲೆಕ್ಟ್ರಾನು ಪರಮಾಣುವಿನಲ್ಲೇ ಇರುವ ಸ್ಥಿತಿಗೂ ಅಯಾನಿಗೆ ಸೇರಿದ ಸ್ಥಿತಿಗೂ ಶಕ್ತಿ ಬಹುತೇಕ ಸಮನಾಗುತ್ತದೆ. ಅಯಾನು ಈ ಅಂತರವನ್ನು ಬರುವಾಗೊಮ್ಮೆ, ಹೋಗುವಾಗೊಮ್ಮೆ ಹಾಯುತ್ತದೆ. ಗತಿ ತೀರಾ ನಿಧಾನವಾದರೆ ಮೊದಲ ಸಲ ಅಯಾನಿನತ್ತ ದಾಟಿದ ಎಲೆಕ್ಟ್ರಾನು ಎರಡನೆಯ ಸಲ ಸ್ವಸ್ಥಾನಕ್ಕೆ ಮರಳುತ್ತದೆ. ತೀರಾ ವೇಗವಾದರೆ ದಾಟಲು ಅವಕಾಶವೇ ಸಿಗದು. ಇವೆರಡರ ನಡುವಣ ವೇಗದಲ್ಲಿ ಅಯಾನು ಎಲೆಕ್ಟ್ರಾನನ್ನು ಸೆಳೆದೊಯ್ಯುವ ಸಂಭವ ಹೆಚ್ಚು.

ಆದರೆ ಆ ಕಾಲ ವಿದ್ವತ್ತಿಗೆ ರಕ್ಷಣೆ ನೀಡುವಂಥದ್ದಾಗಿರಲಿಲ್ಲ. ಸ್ಟಾಲಿನ್ ಆಡಳಿತವನ್ನು ಖಂಡಿಸುವ ಕರಪತ್ರದ ಪ್ರಕರಣದಲ್ಲಿ 1938ರ ಏಪ್ರಿಲ್‌ನಲ್ಲಿ ಲಾಂಡೌ ಬಂಧಿತರಾದರು. ಹಿರಿಯ ವಿಜ್ಞಾನಿ ಪ್ಯೋತ್ರ್ ಕಪಿತ್ಸಾ ಅಧಿಕಾರಸ್ಥರಿಗೆ ಪತ್ರ ಬರೆದು, ಸ್ವತಃ ಹೊಣೆ ಹೊತ್ತ ಬಳಿಕ ವರ್ಷದ ಸೆರೆವಾಸ ಕೊನೆಗೊಂಡಿತು. ಕಪಿತ್ಸಾ ಪ್ರಯೋಗಗಳಲ್ಲಿ ಕಂಡಿದ್ದ ದ್ರವ ಹೀಲಿಯಂನ ಅತಿದ್ರವತೆಗೆ ಲಾಂಡೌ 1941ರಲ್ಲಿ ಸಿದ್ಧಾಂತ ಒದಗಿಸಿದರು.

1962ರ ಜನವರಿ 7ರ ಕಾರು ಅಪಘಾತ ಅವರನ್ನು ವಾರಗಟ್ಟಲೆ ಪ್ರಜ್ಞಾಹೀನರನ್ನಾಗಿಸಿತು. ಜೀವ ಉಳಿಯಿತು, ಸಂಶೋಧನಾ ಶಕ್ತಿ ಮರಳಲಿಲ್ಲ. ಅದೇ ವರ್ಷ ಸಂದ ನೊಬೆಲ್ ಪ್ರಶಸ್ತಿಯನ್ನು ಸ್ಟಾಕ್‌ಹೋಮ್‌ಗೆ ತೆರಳಲಾಗದೆ ಮಾಸ್ಕೋದಲ್ಲೇ ಸ್ವೀಕರಿಸಿದರು. 1968ರ ಏಪ್ರಿಲ್ 1ರಂದು ಕೊನೆಯುಸಿರೆಳೆದರು.

1996ರಲ್ಲಿ ಹ್ಯಾಕುಟಾಕೆ ಧೂಮಕೇತುವಿನಿಂದ ಎಕ್ಸ್‌ಕಿರಣಗಳು ಹೊಮ್ಮುತ್ತಿರುವುದನ್ನು ಕಂಡು ಖಗೋಳಜ್ಞರು ಬೆರಗಾದರು. ಹಿಮದ ಕಾಯದಿಂದ ಎಕ್ಸ್‌ಕಿರಣವೆಲ್ಲಿಯದು? ಸೌರಮಾರುತದ ಆಮ್ಲಜನಕ, ಇಂಗಾಲದ ಅಯಾನುಗಳು ಧೂಮಕೇತುವಿನ ಅನಿಲದಿಂದ ಎಲೆಕ್ಟ್ರಾನು ಸೆಳೆದುಕೊಳ್ಳುತ್ತವೆ. ಆ ಎಲೆಕ್ಟ್ರಾನು ಕೆಳಸ್ತರಕ್ಕಿಳಿಯುವಾಗ ಎಕ್ಸ್‌ಕಿರಣ ಹೊಮ್ಮುತ್ತದೆ. ಇಂತಹ ಸೆಳೆತದ ಲೆಕ್ಕಾಚಾರಕ್ಕೆ ಇಪ್ಪತ್ತನಾಲ್ಕರ ತರುಣ ಬರೆದ ಆ ಸೂತ್ರ ಇಂದಿಗೂ ಬಳಕೆಯಲ್ಲಿದೆ.