ಪಂಡಿತ ಮಧುಸೂದನ ಗುಪ್ತ

ತಮಿಳುನಾಡಿನ ಗಡಿಯಲ್ಲಿರುವ ತಳಿ, ಹೊಸೂರು ಕಡೆಯ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ನರ್ಸಿಂಗ್ ಮೊದಲಾದ ತರಬೇತಿಗೆ ಸೇರಿದೊಡನೆ ಎದುರಾಗುವ ಪಾಠ ಅಂಗರಚನಾಶಾಸ್ತ್ರ. ಎಲುಬು, ಗುಂಡಿಗೆ, ಶ್ವಾಸಕೋಶ ಎಲ್ಲವೂ ಬಲ್ಲವೇ. ಪುಸ್ತಕದಲ್ಲಿರುವ ಹೆಸರುಗಳು ಮಾತ್ರ ಪರಕೀಯ. ಕಾಸರಗೋಡಿನ ನಮ್ಮ ಮಕ್ಕಳ ಪಾಡೂ ಬೇರೆಯಲ್ಲ. ಈ ತೊಡಕನ್ನು ಬಿಡಿಸಲು 19ನೆಯ ಶತಮಾನದಲ್ಲೇ ಹೆಣಗಿದ ಮಹನೀಯರೊಬ್ಬರನ್ನು ಇಲ್ಲಿ ನೆನೆಯಬಯಸುತ್ತೇವೆ.

ಬಂಗಾಳದ ಹೂಗ್ಲಿ ಜಿಲ್ಲೆಯ ಬೈದ್ಯಬಾಟಿಯಲ್ಲಿ 1800ರ ಸುಮಾರಿಗೆ ವೈದ್ಯ ಮನೆತನದಲ್ಲಿ ಜನಿಸಿದ ಮಧುಸೂದನ ಗುಪ್ತರು 1826ರಲ್ಲಿ ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ವೈದ್ಯಕ ತರಗತಿಗೆ ಸೇರಿದರು. 1830ರಲ್ಲಿ ಅಲ್ಲಿಯೇ ಉಪಾಧ್ಯಾಯರಾದರು. ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತಿದ್ದವನು ಗುರುವಾದದ್ದು ಸಹಪಾಠಿಗಳಿಗೆ ಹಿಡಿಸಲಿಲ್ಲ. ವಿರೋಧ ಎದ್ದರೂ ಅವರು ಪಾಠ ಬಿಡಲಿಲ್ಲ. ಹೂಪರ್ ಎಂಬವರ ಇಂಗ್ಲಿಷ್ ಅಂಗರಚನಾ ಕೈಪಿಡಿಯನ್ನು ಸಂಸ್ಕೃತಕ್ಕೆ ತಂದು ಸಾವಿರ ರೂಪಾಯಿ ಬಹುಮಾನ ಪಡೆದರು. ಆಗಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

1835ರಲ್ಲಿ ಸರಕಾರವು ವೈದ್ಯಕ ತರಗತಿಯನ್ನು ಮುಚ್ಚಿ, ಇಂಗ್ಲಿಷಿನಲ್ಲಿ ಕಲಿಸುವ ಕಲ್ಕತ್ತಾ ಮೆಡಿಕಲ್ ಕಾಲೇಜನ್ನು ತೆರೆಯಿತು. ಪಂಡಿತರು ಅಲ್ಲಿಗೆ ಹೋದರು. ಆದರೆ ಹೆಣ ಮುಟ್ಟುವುದೆಂದರೆ ಜಾತಿ ಕೆಡಿಸಿಕೊಂಡಂತೆ ಎಂದು ಜನ ಭಾವಿಸಿದ್ದ ಕಾಲವದು. ಪುರಾತನ ಸುಶ್ರುತರಾದರೋ ಶವವನ್ನು ಹರಿಯುವ ನೀರಿನಲ್ಲಿ ಏಳು ದಿನ ಇರಿಸಿ, ಮೆದುವಾದ ಮೇಲೆ ಕೂರ್ಚದಿಂದ ಪದರ ಪದರವಾಗಿ ಉಜ್ಜಿ ತೆಗೆದು ನೋಡಬೇಕೆಂದು ವಿಧಿಸಿದ್ದರು. ಆ ವಿದ್ಯೆ ಪುಸ್ತಕದಲ್ಲಿ ಉಳಿದು ಕೈಯಿಂದ ಜಾರಿತ್ತು. ಸುಶ್ರುತರು ಎಣಿಸಿದ ಎಲುಬು 300. ಇಂದಿನ ಲೆಕ್ಕದಲ್ಲಿ ವಯಸ್ಕರಿಗೆ 206. ಹಲ್ಲು, ಮೃದ್ವಸ್ಥಿಗಳನ್ನೂ ಅವರು ಸೇರಿಸಿದ್ದರಿಂದ ಈ ವ್ಯತ್ಯಾಸ.

1836ರಲ್ಲಿ, ಜನವರಿ 10ರಂದು ಎಂದು ಹಲವರೂ ಅಕ್ಟೋಬರ್ 28ರಂದು ಎಂದು ಕೆಲವರೂ ಹೇಳುವಂತೆ, ಮಧುಸೂದನರು ಶವಕ್ಕೆ ಕತ್ತಿಯಿಟ್ಟರು. ಅವರ ಹಿಂದೆ ವಿದ್ಯಾರ್ಥಿಗಳೂ ಮುಂದಾದರು. ಕೋಟೆಯಿಂದ ತೋಪು ಹಾರಿಸಿದರೆಂಬ ಕಥೆ ಪ್ರಚಾರದಲ್ಲಿದೆ. ತೋಪಿಗಿಂತ ಕಾಲೇಜಿನ ಲೆಕ್ಕವೇ ನಮಗೆ ಹೆಚ್ಚಿನದಾಗಿ ತೋರುತ್ತದೆ: 1837ರಲ್ಲಿ ಅರುವತ್ತು, ಮರುವರ್ಷ ನೂರಿಪ್ಪತ್ತು, 1844ರಲ್ಲಿ ಐನೂರಕ್ಕೂ ಮಿಕ್ಕಿ ಶವಗಳ ಛೇದನ ನಡೆಯಿತು.

ಇಷ್ಟಾದರೂ ಪಂಡಿತರಲ್ಲಿ ಹೊಸ ವೈದ್ಯದ ಪ್ರಮಾಣಪತ್ರ ಇರಲಿಲ್ಲ. 1840ರಲ್ಲಿ, ನಲುವತ್ತರ ಪ್ರಾಯದಲ್ಲಿ, ಅವರು ತಾವು ಕಲಿಸುತ್ತಿದ್ದ ಕಾಲೇಜಿನಲ್ಲೇ ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ಕತ್ತಿ ಹಿಡಿಯಲು ಬೇಕಾದ ಧೈರ್ಯಕ್ಕಿಂತ ಇದಕ್ಕೆ ಬೇಕಾದದ್ದು ಕಡಿಮೆಯಲ್ಲವೆಂದು ನಮ್ಮ ಅಭಿಪ್ರಾಯ.

ಜನರು ಮರೆತಿರುವುದು ಅವರ ಮುಂದಿನ ದುಡಿಮೆಯನ್ನು. ಇಂಗ್ಲಿಷ್ ಬಾರದವರಿಗಾಗಿ ನಡೆಯುತ್ತಿದ್ದ ಹಿಂದೂಸ್ಥಾನಿ ತರಗತಿಯ ಹೊಣೆ ಹೊತ್ತರು. 1849ರಲ್ಲಿ ಲಂಡನ್ನಿನ ಔಷಧಕೋಶವನ್ನು ಬಂಗಾಳಿಗೆ ತಂದರು. 1852ರಲ್ಲಿ ಆರಂಭವಾದ ಬಂಗಾಳಿ ತರಗತಿಗೆ ಮೇಲ್ವಿಚಾರಕರಾದರು. ಈ ತರಗತಿಗಳಲ್ಲಿ ಕಲಿತವರ ಹುದ್ದೆ ಇಂಗ್ಲಿಷಿನಲ್ಲಿ ಕಲಿತವರಿಗಿಂತ ಕೆಳಗಿನದು ಎಂಬುದನ್ನೂ ಹೇಳದೆ ನಿರ್ವಾಹವಿಲ್ಲ.

ಮಾತೃಭಾಷೆಯ ಪಾಠವೆಂದ ಮಾತ್ರಕ್ಕೆ ಎಲ್ಲವೂ ಸಲೀಸಲ್ಲ. ಕನ್ನಡದಲ್ಲಿ ಶುದ್ಧ ರಕ್ತನಾಳ, ಮಲಿನ ರಕ್ತನಾಳ ಎಂದು ಕಲಿತ ಮಗು, ಗುಂಡಿಗೆಯಿಂದ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಮಲಿನ ರಕ್ತ ಹರಿಯುವುದನ್ನು ಕಂಡು ತಬ್ಬಿಬ್ಬಾಗುತ್ತದೆ. ಗುಂಡಿಗೆಯಿಂದ ಹೊರಡುವುದು ಅಪಧಮನಿ, ಗುಂಡಿಗೆಗೆ ಮರಳುವುದು ಅಭಿಧಮನಿ ಎಂದರೆ ಗೊಂದಲವಿಲ್ಲ. ಇಂಥ ಪದಗಳನ್ನು ಆಯ್ದು ಕೊಡಲು ಶವವನ್ನೂ ಶಾಸ್ತ್ರವನ್ನೂ ಬಲ್ಲವರು ಬೇಕು. ಮಧುಸೂದನರು ಎರಡನ್ನೂ ಬಲ್ಲವರಾಗಿದ್ದರು.

ಮಧುಮೇಹದಿಂದ ಬಳಲುತ್ತಿದ್ದ ಅವರು ಮೈಗೆ ನಂಜೇರಿ 1856ರ ನವೆಂಬರ್ 15ರಂದು ತೀರಿಕೊಂಡರು. ಅವರ ಬಂಗಾಳಿ ತರಗತಿ 1870ರ ದಶಕದಲ್ಲಿ ಸಿಯಾಲ್ದಾಕ್ಕೆ ಹೋಗಿ ಕ್ಯಾಂಪ್‌ಬೆಲ್ ವೈದ್ಯ ಶಾಲೆಯಾಯಿತು. ಇಂದು ಅದು ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜು. ಅಲ್ಲಿಯ ಪಾಠ ಈಗ ಇಂಗ್ಲಿಷಿನಲ್ಲಿ.